ದೀಪ ಹಿಡಿದವಳ ಎಡಗೆನ್ನೆ

ಮಧ್ಯಾಹ್ನದ ಗಂಟೆ ಹೊಡೆದು ಗೋಪುರದಿಂದ ಇಳಿದು ಬಂದರೆ ಇಗರ್ಜಿಯೊಳಗೆಲ್ಲ ಬೂದಿನೀರಿನ ವಾಸನೆ. ಮೊದಲು ನನಗೆ ಏನೂ ಅನ್ನಿಸಲಿಲ್ಲ. ನಮ್ಮ ಲವಿನಾಯೊ ಬಟ್ಟೆ ಒಗೆಯುವವರ ಕೇರಿ. ಹುಟ್ಟಿದ ದಿನ ಮೂಗಿಗೆ ಬಡಿದದ್ದು ಅದೇ ವಾಸನೆ, ಸಾಯುವ ದಿನವೂ ಅದೇ ಇರುತ್ತದೆ. ನಾಲ್ಕು ಹೆಜ್ಜೆ ಹಾಕಿದ ಮೇಲೆ ತಲೆಗೆ ಹೋಯಿತು: ಇಗರ್ಜಿಯೊಳಗೆ ಒಗೆಯುವಂಥದ್ದು ಏನಿದೆ?

ಸಂತ ಸೆಬಾಸ್ತಿಯಾನನ ಪೀಠದ ಮೇಲೆ, ಮೇಣದ ಬತ್ತಿ ಇಡುವ ಜಾಗದಲ್ಲಿ, ನಮ್ಮ ಎದುರುಮನೆಯ ಕಾರ್ಮೊಸೀನ ಬರಿಗಾಲಲ್ಲಿ ಹತ್ತಿ ನಿಂತಿದ್ದಳು. ಪಕ್ಕದಲ್ಲಿ ಹಬೆಯಾಡುವ ಬಾನಿ. ಕೈಯಲ್ಲಿ ಒದ್ದೆ ಬಟ್ಟೆ. ಅಂಗಿಯ ಕೊರಳುಪಟ್ಟಿ ಉಜ್ಜುವ ಹಾಗೆ ಚಿತ್ರವನ್ನು ಗಸಗಸ ಉಜ್ಜುತ್ತಿದ್ದಳು. ಕಪ್ಪು ನೀರು ಸಂತನ ಮೊಣಕಾಲಿನ ಮೇಲೆ ಹರಿದು, ಚೌಕಟ್ಟು ದಾಟಿ, ನಾನು ಬೆಳಿಗ್ಗೆಯಷ್ಟೇ ಹಾಸಿದ್ದ ಬಿಳಿ ಹೊದಿಕೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಸಂತನ ಹಬ್ಬಕ್ಕೆ ವಾರವೂ ಉಳಿದಿರಲಿಲ್ಲ.

"ಏ ಪುಣ್ಯಾತ್ಗಿತ್ತೀ! ಇಳಿಯೇ ಕೆಳಗೆ! ಏನ್ ಮಾಡ್ತಿದೀಯ?"

ಅವಳು ತಿರುಗಿದಳು.

"ಬಿಯಾಜೊ ಅಣ್ಣ," ಅಂದಳು, "ಈ ಕಡೆ ಏನೂ ಇಲ್ಲವಲ್ಲ."

ಆ ಚಿತ್ರದ ವಿಷಯ ಹೇಳಬೇಕು. ಪಿಡುಗು ಬರುವುದಕ್ಕೆ ಮುಂಚೆ ತಿಬೇರಿಯೊ ಮೇಸ್ತ್ರಿ ಬರೆದದ್ದು. ಬಾಣಗಳು ನಾಟಿ ಬಿದ್ದಿರುವ ಸೆಬಾಸ್ತಿಯಾನ. ಸತ್ತನೆಂದು ಎಲ್ಲರೂ ಬಿಟ್ಟುಹೋದವನನ್ನು ಮನೆಗೆ ತಂದು ಬಾಣ ಕೀಳುತ್ತಿರುವ ವಿಧವೆ ಇರೇನೆ. ಅವಳ ಹಿಂದೆ ದೀಪ ಹಿಡಿದು ನಿಂತ ಮನೆಗೆಲಸದ ಹುಡುಗಿ. ಅಷ್ಟೇ ಜನ. ಉಳಿದದ್ದೆಲ್ಲ ಕತ್ತಲೆ. ನಮ್ಮ ಪಾದ್ರಿ ದೋನ್ ಪ್ಲಾಚಿದೊ ಮೊದಲ ಸಲ ನೋಡಿದಾಗ, "ಅರ್ಧಕ್ಕರ್ಧ ಖಾಲಿ ಬಿಟ್ಟು ಪೂರ್ತಿ ಕೂಲಿ ಕೇಳ್ತೀಯಲ್ಲೋ" ಅಂತ ರೇಗಿದ್ದರು. "ನಾನು ಕೂಲಿ ಕೇಳ್ತಿರೋದೇ ಕತ್ತಲೆಗೆ, ಸ್ವಾಮಿ. ಬೆಳಕು ಪುಕ್ಕಟೆ," ಅಂದಿದ್ದ ಮೇಸ್ತ್ರಿ. ಬಾಯಿಗೆ ಬೀಗವಿಲ್ಲದ ಮನುಷ್ಯ.

ಆದರೆ ಮಾತು ಸುಳ್ಳಲ್ಲ. ಇಡೀ ಚಿತ್ರಕ್ಕೆ ಒಂದೇ ದೀಪ. ಹುಡುಗಿ ಗಾಳಿಗೆ ಆರದಿರಲೆಂದು ಅಂಗೈ ಅಡ್ಡ ಹಿಡಿದಿದ್ದಾಳೆ. ಬೆರಳ ಸಂದಿಯಲ್ಲಿ ಕೆಂಪು ಕಾಣುತ್ತದೆ. ಬೆಳಕು ಸಂತನ ಎದೆಯ ಮೇಲೆ ಬೀಳುತ್ತದೆ, ಬಾಣ ಹಿಡಿದ ಇರೇನೆಯ ಬೆರಳಿನ ಮೇಲೆ ಬೀಳುತ್ತದೆ, ಆಮೇಲೆ ಹುಡುಗಿಯ ಬಲಗೆನ್ನೆಗೆ ಬಂದು ನಿಲ್ಲುತ್ತದೆ. ಎಡಗೆನ್ನೆ, ಎಡಗಡೆಯ ಕತ್ತು ಕಾಣುವುದೇ ಇಲ್ಲ. ನಾನು ಎಷ್ಟೋ ಸಲ ದೀಪದ ಎಣ್ಣೆ ತುಂಬಲು ಹೋದವನು ಎಣ್ಣೆ ಮರೆತು ನೋಡುತ್ತ ನಿಂತದ್ದುಂಟು.

ಆ ಹುಡುಗಿ ಕಾರ್ಮೊಸೀನಳ ಮಗಳು, ನಾರ್ದೆಲ್ಲ. ಮೇಸ್ತ್ರಿ ಸಂತರನ್ನು ಬೀದಿಯಿಂದಲೇ ಹಿಡಿದು ತರುತ್ತಿದ್ದ. ಸೆಬಾಸ್ತಿಯಾನನಾಗಿ ಮಲಗಿದವನು ಮೀನು ಮಾರುವ ಕಾರ್ಲುಚ್ಚೊ. ಈಗ ಅವನಿಗೆ ಹೊಟ್ಟೆ ಬಂದಿದೆ. ಮೀನಿಗೆ ಬೆಲೆ ಜಾಸ್ತಿ ಹೇಳಿದರೆ ಹೆಂಗಸರು "ಸಂತರಿಗೆ ಇನ್ನೊಂದೆರಡು ಬಾಣ ಬೇಕಾಗಿದೆ ಕಣ್ರೇ" ಅನ್ನುತ್ತಾರೆ. ನಾರ್ದೆಲ್ಲಳನ್ನು ಮಾತ್ರ ಯಾರೂ ಆಡಿಕೊಳ್ಳಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಕಾರ್ಮೊಸೀನ ಅದಕ್ಕಿಂತ ಒಂದು ಕೈ ಮೇಲೆ. ಪಾದ್ರಿಯ ಪ್ರವಚನದ ನಡುವೆ ಎದ್ದು ನಿಂತು ಚಿತ್ರಕ್ಕೆ ಮುತ್ತು ಎಸೆದವಳು ಅವಳು.

ನಾರ್ದೆಲ್ಲಳಿಗೆ ಎಡಗಡೆ, ಕಿವಿಯ ಕೆಳಗಿನಿಂದ ಭುಜದವರೆಗೆ, ಸುಟ್ಟ ಕಲೆಯಿತ್ತು. ಕೂಸಾಗಿದ್ದಾಗ ತೆವಳಿಕೊಂಡು ಬಾನಿಯ ಬುಡಕ್ಕೆ ಹೋಗಿದ್ದಳಂತೆ. ಕಾರ್ಮೊಸೀನ ಪಕ್ಕದವಳ ಜೊತೆ ಜಗಳವಾಡುತ್ತ ನೋಡದೆ ಕುದಿಯುವ ಬೂದಿನೀರು ಹೊಯ್ದಳು. ನಮ್ಮ ಕೇರಿಯಲ್ಲಿ ಸುಡದ ಮೈ ಯಾವುದಿದೆ? ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಹುಡುಗಿ ದೊಡ್ಡವಳಾದ ಮೇಲೆ ತಲೆವಸ್ತ್ರವನ್ನು ಎಡಗಡೆ ಇಳಿಬಿಟ್ಟುಕೊಂಡೇ ಓಡಾಡುತ್ತಿದ್ದಳು. ಅದೂ ನಮಗೆ ರೂಢಿಯಾಗಿಹೋಯಿತು.

ಆಮೇಲೆ ಪಿಡುಗು. ಆ ಬೇಸಿಗೆಯ ಬಗ್ಗೆ ನಾನು ಹೆಚ್ಚು ಹೇಳುವವನಲ್ಲ. ನಾರ್ದೆಲ್ಲ ಸಿರಿವಂತರ ಕೇರಿ ಕಿಯಾಯದ ಒಂದು ದೊಡ್ಡ ಮನೆಯಲ್ಲಿ ಕೆಲಸಕ್ಕಿದ್ದಳು. ಧಣಿಗಳು ಗಾಡಿ ಕಟ್ಟಿಸಿಕೊಂಡು ಊರು ಬಿಟ್ಟರು, ಆಳುಗಳನ್ನು ಬೀದಿಯಲ್ಲಿ ಬಿಟ್ಟರು. ಅವಳು ನಡೆದುಕೊಂಡೇ ತಾಯಿಯ ಮನೆಗೆ ಬಂದಳು. ಒಳಗೆ ಕಾರ್ಮೊಸೀನಳ ಸೊಸೆ ಹಸಿ ಬಾಣಂತಿ, ಪಕ್ಕದಲ್ಲಿ ಕೂಸು. ತಾಯಿ ಬಾಗಿಲು ತೆಗೆಯಲಿಲ್ಲ. ಬಾಗಿಲಿನ ಕಿಂಡಿ ತೆಗೆದಳು. ನಾನು ಎದುರುಮನೆಯವನು, ನಮ್ಮ ಕಿಂಡಿಗೆ ಕಣ್ಣಿಟ್ಟು ನಿಂತಿದ್ದೆ. ನಮ್ಮ ಬಾಗಿಲಿಗೂ ಅಗುಳಿ ಬಿದ್ದಿತ್ತು, ಕೇರಿಯ ಎಲ್ಲ ಬಾಗಿಲಿಗೂ ಬಿದ್ದಿತ್ತು. ಬೀದಿ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಅವರ ಒಂದೊಂದು ಮಾತೂ ಕೇಳಿಸಿತು.

"ಅಮ್ಮಾ, ಜ್ವರ ಇಲ್ಲ. ನಡೆದು ಸುಸ್ತಾಗಿದೆ ಅಷ್ಟೇ."

"ಕತ್ತು ತೋರ್ಸು."

ಪಿಡುಗಿನ ಗಂಟು ಏಳುವುದು ಕತ್ತಿನಲ್ಲಿ, ಕಂಕುಳಲ್ಲಿ. ಆ ದಿನಗಳಲ್ಲಿ ಯಾರು ಯಾರನ್ನು ಕಂಡರೂ ಮೊದಲು ಕೇಳುತ್ತಿದ್ದದ್ದು ಅದನ್ನೇ. ಹುಡುಗಿ ಬಲಗಡೆ ತೋರಿಸಿದಳು.

"ಆ ಕಡೆ?"

"ಆ ಕಡೆ ಏನಿಲ್ಲಮ್ಮ."

"ಏನಿಲ್ದಿದ್ರೆ ತೋರ್ಸೋಕೇನು ರೋಗ? ವಸ್ತ್ರ ಸರಿಸು."

ನಾರ್ದೆಲ್ಲ ವಸ್ತ್ರವನ್ನು ಕತ್ತಿಗೆ ಇನ್ನಷ್ಟು ಒತ್ತಿ ಹಿಡಿದುಕೊಂಡಳು. "ಬೇಡಮ್ಮ," ಅಂದಳು.

ಕಿಂಡಿ ಮುಚ್ಚಿತು. "ಸೇತುವೆ ಹತ್ರ ಆಸ್ಪತ್ರೆ ಮಾಡಿದಾರಂತೆ, ಅಲ್ಲಿಗೆ ಹೋಗು ಮಗಳೇ. ನಾಳೆ ನಿಮ್ಮಣ್ಣನ್ನ ಕಳಿಸ್ತೀನಿ," ಅಂತ ಒಳಗಿನಿಂದ ಕೇಳಿಸಿತು. ಮಾರನೆಯ ದಿನ ಅಣ್ಣ ಹೋದ. ಸೇತುವೆಯ ಹತ್ತಿರ ಆಗ ಯಾರು ಯಾರನ್ನು ಗುರುತಿಸುವ ಹಾಗಿತ್ತು? ಬರಿಗೈಯಲ್ಲಿ ಬಂದ, ಅವಳ ಸುದ್ದಿ ಆಮೇಲೂ ಬರಲಿಲ್ಲ.

ಗಂಟು ಇತ್ತೋ, ಇರಲಿಲ್ಲವೋ? ಇದ್ದಿದ್ದರೆ ಕಾರ್ಮೊಸೀನ ಒಂದು ಮನೆಯನ್ನು ಉಳಿಸಿದಳು. ಇರದಿದ್ದರೆ ಚೆನ್ನಾಗಿದ್ದ ಮಗಳನ್ನು ಹೆಣಗಳ ಮಧ್ಯೆ ಅಟ್ಟಿದಳು. ಕೇರಿಯವರೆಲ್ಲ ನೀನು ಮಾಡಿದ್ದೇ ಸರಿ ಅಂದರು. ಒಬ್ಬರಾದರೂ ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೋ ಏನೋ. ಸೊಸೆಯ ಆ ಕೂಸು ಈಗ ಬೀದಿಯಲ್ಲಿ ಕೋಳಿ ಅಟ್ಟಿಸಿಕೊಂಡು ಓಡುತ್ತದೆ. ಅದನ್ನು ತೋರಿಸಿ, "ನೋಡು, ನೀನು ಉಳಿಸಿದ ಜೀವ," ಅಂದರೆ ಬೆನ್ನ ಮೇಲೆ ಬರೆ ಎಳೆಸಿಕೊಂಡವಳ ಹಾಗೆ ಎದ್ದುಹೋಗುತ್ತಾಳೆ. ಪಾಪನಿವೇದನೆಗೆ ಪ್ರತಿ ಶನಿವಾರ ಬರುತ್ತಾಳೆ. ದೋನ್ ಪ್ಲಾಚಿದೊ ಒಂದು ಸಲ ನನ್ನ ಹತ್ತಿರ, "ಅದೇ ಪಾಪಾನ ಎಷ್ಟು ಸಲ ಕ್ಷಮಿಸಲಯ್ಯಾ? ನನಗೇ ನಾಚಿಕೆಯಾಗುತ್ತೆ," ಅಂದರು.

ಚಿತ್ರದ ಗತಿ ಇನ್ನೊಂದು. ಸೆಬಾಸ್ತಿಯಾನ ಪಿಡುಗಿನಿಂದ ಕಾಯುವ ಸಂತ. ಆ ವರ್ಷ ಊರೆಲ್ಲ ಅವನ ಮುಂದೆ ಬತ್ತಿ ಹಚ್ಚಿತು. ಹೊಗೆ ಕೂತು ಕೂತು ಕತ್ತಲೆ ಇನ್ನೂ ಕತ್ತಲೆಯಾಯಿತು. ಕಾರ್ಮೊಸೀನ ಭಾನುವಾರಗಳಲ್ಲಿ ಎಡಗಡೆಯ ಮೂಲೆಯಲ್ಲಿ ಕೂತು ಕತ್ತು ಚಾಚಿ ಚಾಚಿ ನೋಡುವುದನ್ನು ಕಂಡಿದ್ದೆ. ಮೋಟು ಗೋಡೆಯ ಆಚೆ ಇಣುಕುವವರ ಹಾಗೆ. ಅವಳು ಏನು ಹುಡುಕುತ್ತಿದ್ದಾಳೆಂದು ನನಗೆ ಹೊಳೆಯಲಿಲ್ಲ. ಒಗೆಯುವವಳಿಗೆ ಕಪ್ಪು ಅಂದರೆ ಕೊಳೆ. ಕೊಳೆ ಅಂದರೆ ಅದರ ಕೆಳಗೆ ಬಟ್ಟೆ ಇದ್ದೇ ಇರುತ್ತದೆ. ಹಬ್ಬಕ್ಕೆ ಪೀಠಗಳ ಧೂಳು ಹೊಡಿ ಅಂತ ಪಾದ್ರಿ ಅವಳಿಗೆ ಹೇಳಿದ್ದೇ ಸಾಕಾಯಿತು.

ಅವಳನ್ನು ಕೈಹಿಡಿದು ಕೆಳಗಿಳಿಸಿದೆ. ಮೇಲೆ ನೋಡಿದೆ. ಸಂತ ಇದ್ದ, ಇರೇನೆ ಇದ್ದಳು, ನಾರ್ದೆಲ್ಲಳ ಬಲಗೆನ್ನೆಯೂ ಮೊದಲಿಗಿಂತ ಹೊಳೆಯುತ್ತಿತ್ತು. ಅದರಾಚೆ ಕತ್ತಲೆ ಇರಲಿಲ್ಲ. ಇಟ್ಟಿಗೆಪುಡಿ ಮೆತ್ತಿದಂಥ ಬಣ್ಣ, ಅಷ್ಟೇ. ಅರ್ಧ ಮುಖ ಗೋಡೆಗೆ ಅಂಟಿಸಿದ ಹಾಗಿತ್ತು.

"ಅಯ್ಯೋ ಹುಚ್ಚಮ್ಮ! ಪಿಡುಗಿಗೆ ಮುಂಚೆ ಬರೆದ ಚಿತ್ರದಲ್ಲಿ ಪಿಡುಗಿನ ಗಂಟು ಹುಡುಕ್ತೀಯೇನೇ?"

"ಗೊತ್ತಣ್ಣ, ಅಷ್ಟೂ ಗೊತ್ತಿಲ್ವಾ ನಂಗೆ," ಅಂದಳು. ಕೈಯಲ್ಲಿನ ಬಟ್ಟೆ ಹಿಂಡುತ್ತಲೇ ಇದ್ದಳು. "ಆ ಕಡೆ ಕತ್ತು ಒಂದ್ಸಲ ನೋಡಬೇಕಿತ್ತು. ಬರೀ ಕತ್ತು. ಗಂಟಿಲ್ದೇ ಹೇಗಿತ್ತು ಅಂತ. ಅಷ್ಟಾದರೂ ನೋಡಬಾರದಾ ನಾನು?"

ಅಷ್ಟರಲ್ಲಿ ದೋನ್ ಪ್ಲಾಚಿದೊ ಬಂದರು. ಊಟದ ನಡುವೆ ಎದ್ದು ಬಂದಿರಬೇಕು, ಗಡ್ಡದಲ್ಲಿ ಎಲೆಕೋಸಿನ ಚೂರಿತ್ತು. ಚಿತ್ರ ನೋಡಿ ಎರಡೂ ಕೈ ತಲೆಯ ಮೇಲಿಟ್ಟರು.

"ಇವಳ ಕೈಗೆ ಇದನ್ನ ಕೊಟ್ಟೋರು ಯಾರೋ?"

"ಧೂಳು ಹೊಡಿ ಅಂದೋರು ತಾವೇ, ಸ್ವಾಮಿ."

"ಧೂಳು ಹೊಡಿ ಅಂದೆ, ಚರ್ಮ ಸುಲಿ ಅಂದ್ನೇನೋ? ನಿಂತ್ಕೊಂಡು ನೋಡ್ತೀಯಲ್ಲ, ಹೋಗು, ಆ ತಿಬೇರಿಯೋನ ಕರ್ಕೊಂಡು ಬಾ. ಹಬ್ಬದ ದಿನ ಜನಕ್ಕೆ ಏನಂತ ತೋರಿಸ್ಲಿ?"

ಮೇಸ್ತ್ರಿ ಬದುಕಿದ್ದ. ಪಿಡುಗು ಅವನ ಮನೆಯಲ್ಲಿ ಅವನೊಬ್ಬನನ್ನು ಬಿಟ್ಟು ಎಲ್ಲರನ್ನೂ ಒಯ್ದಿತ್ತು. ಕಂಬಳಿ ಹೊದ್ದು, ಕೆಮ್ಮುತ್ತ, ದಾರಿಯುದ್ದಕ್ಕೂ ನನ್ನನ್ನೂ ಪಾದ್ರಿಯನ್ನೂ ಬೈಯುತ್ತ ಬಂದ. ಚಿತ್ರದ ಮುಂದೆ ನಿಂತ ಮೇಲೆ ಬೈಗುಳ ನಿಂತಿತು. ಬಾನಿಯೊಳಗೆ ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿ ಉಗಿದ.

"ಎಷ್ಟು ಕುದಿಸಿದ್ದೆ?"

"ಅಂಗಿಗೆ ಕುದಿಸೋ ಅಷ್ಟೇ," ಅಂದಳು ಕಾರ್ಮೊಸೀನ.

"ಭೇಷ್. ನನ್ನ ಕತ್ತಲೆಯೆಲ್ಲಾ ಒಗೆದು ಹಾಕಿದೀಯ." ಅವನು ಚಿತ್ರದ ಹತ್ತಿರ ಹೋಗಿ ಉಗುರಿನಿಂದ ತಟ್ಟಿದ. "ಬೆಳಕಿರೋ ಕಡೆ ನಾವು ಬಣ್ಣ ದಪ್ಪ ಮೆತ್ತೀವಿ, ಅದು ಸುಲಭಕ್ಕೆ ಹೋಗಲ್ಲ. ಕತ್ತಲೆ ತೆಳ್ಳಗೆ, ರೊಟ್ಟಿ ಮೇಲೆ ಎಣ್ಣೆ ಸವರಿದ ಹಾಗೆ. ಉಜ್ಜಿದ್ರೆ ಅದೇ ಮೊದಲು ಬಿಡೋದು. ಈಗ ಕಾಣ್ತಿರೋದು ಎಲ್ಲಕ್ಕಿಂತ ಕೆಳಗಿನ ಮಣ್ಣುಬಣ್ಣ."

"ಮುಖ ಎಲ್ಲಿ ಹೋಯ್ತು ಮೇಸ್ತ್ರೀ? ಕತ್ತು?"

"ಎಲ್ಲೂ ಹೋಗಿಲ್ಲಮ್ಮ. ಇರಲೇ ಇಲ್ಲ. ನಾನು ಆ ಕಡೆ ಬರೆದೇ ಇರಲಿಲ್ಲ."

ಅವಳು ಅವನ ಕಂಬಳಿ ಹಿಡಿದುಕೊಂಡಳು. "ನಿಮ್ಮೆದುರಿಗೆ ನಿಂತಿದ್ಲಲ್ಲ. ನೋಡಿರ್ತೀರಲ್ಲ. ಯಾಕೆ ಬರೀಲಿಲ್ಲ?"

ಮೇಸ್ತ್ರಿ ಪೀಠದ ಮೆಟ್ಟಿಲ ಮೇಲೆ ಕುಳಿತ. ಕೆಮ್ಮು ನಿಲ್ಲುವವರೆಗೆ ಕಾದು ಹೇಳಿದ: "ನಾನು ಮೊದಲು ದೀಪ ಅವಳ ಎಡಗಡೆಗೇ ಇಟ್ಟಿದ್ದೆ. ಒಂದು ಸಲ ವಸ್ತ್ರ ಜಾರಿದಾಗ ಆ ಕಲೆ ಕಂಡಿತ್ತು ನನಗೆ. ಬೇಕಿತ್ತು ಅದು. ಸಂತನ ಗಾಯ, ಹುಡುಗಿ ಗಾಯ, ಎರಡೂ ಒಂದೇ ದೀಪದಲ್ಲಿ ಕಾಣಲಿ ಅಂತ. ಚಿತ್ರ ಬರೆಯೋರ ದುರಾಸೆ. ಅವಳು ವಸ್ತ್ರ ತೆಗೀಲಿಲ್ಲ. ರೇಗಿದೆ. ನಾಚ್ಕೊಳ್ಳೋ ಹಾಗಿದ್ರೆ ಮನೆಗೆ ಹೋಗು, ಬೇರೆ ಹುಡುಗಿ ಕರೀತೀನಿ ಅಂದೆ."

"ಏನಂದ್ಲು?"

"ನಾಚಿಕೆ ಅಲ್ಲ ಮೇಸ್ತ್ರೀ ಅಂದ್ಲು. ನಮ್ಮಮ್ಮ ಭಾನುವಾರ ಭಾನುವಾರ ಇದರ ಮುಂದೆ ಕೂತ್ಕೋಬೇಕು, ಈ ಕಲೆ ಕಂಡ್ರೆ ಅವಳಿಗೆ ಆವತ್ತು ಗಂಟಲಲ್ಲಿ ತುತ್ತು ಇಳಿಯಲ್ಲ ಅಂದ್ಲು. ಮನೇಲೂ ನಾನು ಈ ಕಡೆ ಅವಳಿಗೆ ತೋರ್ಸಲ್ಲ, ದೀಪ ಆ ಕಡೆ ಇಡಿ ಅಂದ್ಲು. ಇಟ್ಟೆ. ಆಮೇಲೆ ನೋಡಿದ್ರೆ ಹಾಗೇ ಚೆನ್ನಾಗಿತ್ತು. ಊರೆಲ್ಲ ಹೊಗಳ್ತು. ನಾನೂ ನನ್ನ ಕೈಚಳಕ ಅಂದ್ಕೊಂಡೇ ಇದ್ದುಬಿಟ್ಟೆ."

ಕಾರ್ಮೊಸೀನ ಕಂಬಳಿ ಬಿಟ್ಟಳು. ಒದ್ದೆ ನೆಲದ ಮೇಲೆ ಮೆಲ್ಲಗೆ ಕುಳಿತಳು. ನನಗೆ ಅವಳ ಮುಖ ನೋಡಲಾಗಲಿಲ್ಲ. ಬಾನಿಯನ್ನು ಈ ಕಡೆಯಿಂದ ಆ ಕಡೆಗೆ ಸರಿಸಿದೆ, ಸುಮ್ಮನೆ.

"ಮನೇಲೂ ತೋರ್ಸಲ್ಲ ಅಂದ್ಲಾ?"

"ಅಂದ್ಲು."

"ಕಿಂಡಿ ಹತ್ರಾನೂ ತೋರ್ಸಲಿಲ್ಲ," ಅಂದಳು ಅವಳು.

ಆವತ್ತು ಬೀದಿಯಲ್ಲಿ ನಿಂತು ವಸ್ತ್ರವನ್ನು ಒತ್ತಿ ಹಿಡಿದಿದ್ದ ಆ ಕೈ ನನ್ನ ಕಣ್ಣಿಗೆ ಬಂತು. ಮನೆ ಇಲ್ಲ, ಮಠ ಇಲ್ಲ, ಸುತ್ತ ಸಾವು. ಅಂಥ ಹೊತ್ತಿನಲ್ಲೂ ತಾಯಿಗೆ ನೋವಾಗದಿರಲಿ ಎಂದು ಮುಚ್ಚಿಕೊಂಡಿದ್ದಳೇ? ಏನಾದರೂ ಹೇಳಬೇಕಿತ್ತು. "ಗಂಟೂ ಇದ್ದಿರಬಹುದು, ಕಾರ್ಮೊಸೀನ. ಯಾರಿಗೆ ಗೊತ್ತು," ಅಂದೆ.

"ಇದ್ದಿರಬಹುದು," ಅಂದಳು. "ಬಾಗಿಲು ತೆಗೆದಿದ್ರೆ ಗೊತ್ತಾಗ್ತಿತ್ತು."

ದೋನ್ ಪ್ಲಾಚಿದೊ ಗಂಟಲು ಸರಿಮಾಡಿಕೊಂಡರು. ಒಳ್ಳೆಯ ಮನುಷ್ಯ, ಆದರೆ ದುಃಖ ಕಂಡರೆ ಕೆಲಸದ ಮಾತೆತ್ತುವುದು ಅವರ ಚಾಳಿ. "ತಿಬೇರಿಯೊ, ಆ ಕತ್ತಲೆ ವಾಪಸ್ ಹಾಕೋಕೆ ಎಷ್ಟು ಹೊತ್ತು ಬೇಕು?"

"ಹಾಕೋಕೆ ಒಂದು ಬೆಳಗು ಸಾಕು. ಒಣಗೋದು ದೇವರ ಕೈಲಿದೆ."

"ಹಾಕಿಬಿಡಯ್ಯಾ ಹಾಗಾದ್ರೆ. ಹುಡುಗಿ ಆಸೆಯೂ ಅದೇ ಅಲ್ವಾ?"

"ಬೇಡ," ಅಂದಳು ಕಾರ್ಮೊಸೀನ. ನೆಲದ ಮೇಲಿಂದಲೇ. "ಕಲೆ ಬರೀರಿ."

"ಅವಳೇ ಬೇಡ ಅಂದಿದ್ಲಲ್ಲಮ್ಮ."

"ನನಗೋಸ್ಕರ ಬೇಡ ಅಂದ್ಲು. ನಾನೇ ಬೇಕು ಅಂತಿದೀನಿ. ಬೆಳಕಲ್ಲಿ ಬರೀರಿ. ನಾನು ನೋಡಬೇಕು, ಭಾನುವಾರ ಭಾನುವಾರ ನೋಡಬೇಕು. ಇಷ್ಟು ವರ್ಷ ಅವಳು ಒಬ್ಬಳೇ ಹೊತ್ಲಲ್ಲ ಅದನ್ನ."

"ನನಗೆ ಅದು ಸರಿಯಾಗಿ ನೆನಪಿಲ್ಲ. ಒಂದೇ ಸಲ ನೋಡಿದ್ದು."

"ನನಗೆ ನೆನಪಿದೆ."

ಮೇಸ್ತ್ರಿ ಪಾದ್ರಿಯ ಮುಖ ನೋಡಿದ, ಪಾದ್ರಿ ನನ್ನ ಮುಖ ನೋಡಿದರು. ನಾನು ಛಾವಣಿ ನೋಡಿದೆ. ಕೊನೆಗೆ ಮೇಸ್ತ್ರಿ ಎದ್ದು ಚಿತ್ರದ ಮುಂದೆ ನಿಂತು ತಲೆ ಕೆರೆದುಕೊಂಡ.

"ಕಲೆ ಬರೀಬಹುದು. ಬೆಳಕು ಎಲ್ಲಿಂದ ತರ್ಲಮ್ಮ? ದೀಪ ಇರೋದು ಬಲಗಡೆ. ಒಂದೇ ದೀಪ ಮುಖದ ಎರಡೂ ಕಡೆ ಬೀಳೋದು ಉಂಟಾ? ಕಣ್ಣಿರೋ ಯಾವನು ನೋಡಿದ್ರೂ ತಿಬೇರಿಯೋಗೆ ಅರಳುಮರಳು ಅಂತಾನೆ. ಇನ್ನೊಂದು ದೀಪ ಇಟ್ರೆ ಚಿತ್ರಾನೇ ಸತ್ತುಹೋಗುತ್ತೆ."

ಕಾರ್ಮೊಸೀನ ಎದ್ದಳು. ಮಗಳ ಅರ್ಧ ಮುಖದಾಚೆ ತಾನೇ ಒಗೆದು ಖಾಲಿ ಮಾಡಿದ್ದ ಜಾಗವನ್ನು ನೋಡಿದಳು.

"ಆ ಕಡೆ ಒಂದು ಬಾಗಿಲು ತೆಗೀರಿ," ಅಂದಳು.

ಮಾರನೆಯ ಬೆಳಿಗ್ಗೆ ಮೇಸ್ತ್ರಿ ಕೆಲಸಕ್ಕೆ ಕೂತ. ಅವಳು ಪಕ್ಕದಲ್ಲೇ ನಿಂತಳು. ತನ್ನ ತಲೆವಸ್ತ್ರ ತೆಗೆದು, ತನ್ನ ಕತ್ತಿನ ಮೇಲೆ ಬೆರಳಿಟ್ಟು ತೋರಿಸಿದಳು: ಕಿವಿಯ ಕೆಳಗೆ ಇಲ್ಲಿಂದ ಶುರು, ಇಲ್ಲಿ ಚರ್ಮ ಎಳೆದುಕೊಂಡಿತ್ತು, ಇಲ್ಲಿ ಎರಡು ಕವಲಾಗಿ ಇಳಿದಿತ್ತು, ಇಲ್ಲಿ ಹೊಳೆಯುತ್ತಿತ್ತು, ಭುಜದ ಹತ್ತಿರ ಒಂದು ಎಲೆಯಷ್ಟು ಅಗಲ. ಮೇಸ್ತ್ರಿ ಅವಳ ಬೆರಳು ತೋರಿಸಿದ ಹಾಗೆ ಕುಂಚ ಎಳೆದ. ಗಂಟಿನ ಮಾತು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಈಗ ಚಿತ್ರ ನೋಡಲು ಬರುವ ತಿಳಿದವರು ಮೂಗು ಮುರಿಯುತ್ತಾರೆ. ಬಾಗಿಲಿನಿಂದ ಹಗಲಿನ ಬೆಳಕು ಬರುತ್ತಿರುವಾಗ ಹುಡುಗಿಗೆ ದೀಪ ಯಾಕೆ ಅನ್ನುತ್ತಾರೆ. ಕೈ ಸೋತ ಮೇಲೆ ಮುದುಕ ಒಳ್ಳೆಯ ಚಿತ್ರ ಕೆಡಿಸಿದ ಅನ್ನುತ್ತಾರೆ. ನಾನು ನನ್ನ ಪಾಡಿಗೆ ಬತ್ತಿ ಕತ್ತರಿಸುತ್ತೇನೆ. ನಮ್ಮ ಕೇರಿಯವರು ಯಾರೂ ಆ ಮಾತು ಆಡುವುದಿಲ್ಲ.

ಆ ಬೆಳಿಗ್ಗೆ ಮೇಸ್ತ್ರಿ ಮೊದಲು ಬರೆದದ್ದು ಬಾಗಿಲಿನ ಒಂದು ಬೆರಳಿನಷ್ಟು ಸಂದು. ಕಲೆ ಕಾಣುವುದಕ್ಕೆ ಅಷ್ಟೇ ಬೆಳಕು ಸಾಕಾಗಿತ್ತು. ಕುಂಚ ಕೆಳಗಿಡಲು ಹೋದ.

"ಇನ್ನೊಂಚೂರು ತೆಗೀರಿ, ಮೇಸ್ತ್ರೀ," ಅಂದಳು.

ಅವನು ಇನ್ನೊಂದು ಗೆರೆ ಅಗಲಿಸಿದ.

"ಇನ್ನೊಂಚೂರು."

"ಇದಕ್ಕಿಂತ ತೆಗೆದ್ರೆ ನನ್ನ ಕತ್ತಲೆ ಏನೂ ಉಳಿಯಲ್ಲ ಕಣಮ್ಮ."

"ಹೋಗಲಿ. ತೆಗೀರಿ."

ಅವನು ಮತ್ತೆ ಕುಂಚ ಅದ್ದಿದ. ಅವಳು ಸಾಕು ಅನ್ನುವವರೆಗೆ ಬರೆದ. ಅವಳು ಸಾಕು ಅಂದಾಗ ಆ ಬಾಗಿಲು ಒಬ್ಬ ಹುಡುಗಿ ಒಳಗೆ ಬರುವಷ್ಟು ತೆರೆದಿತ್ತು.